ಓಡಿದರೆ ದಮ್ಮು ಕಟ್ಟುತ್ತದೆಯೇ? ಶ್ವಾಸಕೋಶವನ್ನೂ ಓಟದ ತಾಕತ್ತನ್ನೂ ಅಳೆದು ನೋಡುವ ಕ್ರಮ

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಸೇನಾ ಭರ್ತಿಗೋ ತಯಾರಾಗುವ ಹುಡುಗ ಹುಡುಗಿಯರು ಬೆಳಗಾಗುವ ಮುಂಚೆಯೇ ತಾಲ್ಲೂಕು ಕ್ರೀಡಾಂಗಣಕ್ಕೆ ಬಂದಿರುತ್ತಾರೆ. 1600 ಮೀಟರ್ ಓಟದ ಮೂರನೇ ಸುತ್ತಿನಲ್ಲಿ ಹೆಚ್ಚಿನವರ ಬಾಯಿಂದ ಬರುವ ಮಾತು ಒಂದೇ: ‘ದಮ್ಮು ಸಾಲ್ತಿಲ್ಲ’. ಅಲ್ಲಿಗೆ ಗುಮಾನಿಯೆಲ್ಲ ಶ್ವಾಸಕೋಶದ ಮೇಲೆ ಬೀಳುತ್ತದೆ. ಒಬ್ಬರು ಬಲೂನು ಊದಲು ಶುರು ಮಾಡುತ್ತಾರೆ. ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ಮೂರು ಚೆಂಡಿನ ಪ್ಲಾಸ್ಟಿಕ್ ಸಾಧನ ತಂದು ದಿನಾ ಎಳೆಯುತ್ತಾರೆ. ಮತ್ತೊಬ್ಬರು ಉಸಿರು ಬಿಗಿಹಿಡಿದು ಸೆಕೆಂಡು ಎಣಿಸುತ್ತಾರೆ. ತಿಂಗಳು ಕಳೆದರೂ ಓಟದ ಸಮಯ ಅಲ್ಲೇ ನಿಂತಿರುತ್ತದೆ.

ಇಪ್ಪತ್ತರ ಆಸುಪಾಸಿನ, ಕಾಯಿಲೆ ಇಲ್ಲದ ದೇಹದಲ್ಲಿ ಓಟವನ್ನು ಕಟ್ಟಿಹಾಕುವುದು ಸಾಮಾನ್ಯವಾಗಿ ಶ್ವಾಸಕೋಶವಲ್ಲ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳಬಲ್ಲದು, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಕಾಲಿನ ಸ್ನಾಯುಗಳು ಅದರಿಂದ ಎಷ್ಟು ಆಮ್ಲಜನಕ ಹೀರಿಕೊಳ್ಳಬಲ್ಲವು ಎಂಬುದರ ಮೇಲೆ ಓಟ ನಿಂತಿದೆ. ಇದನ್ನು ನಂಬಿಕೆಗೆ ಬಿಡಬೇಕಿಲ್ಲ. ಶ್ವಾಸಕೋಶವನ್ನು ಬೇರೆಯಾಗಿ, ಓಟದ ತಾಕತ್ತನ್ನು ಬೇರೆಯಾಗಿ ಅಳೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ತೊಂದರೆ ಎಲ್ಲಿದೆ ಎಂದು ಹೆಚ್ಚುಕಡಿಮೆ ತಿಳಿಯುತ್ತದೆ.

ಅಳೆಯುವ ಮುಂಚೆ ಒಂದಿಷ್ಟು ಲೆಕ್ಕ

ಸುಮ್ಮನೆ ಕೂತಿರುವಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಒಳಗೆ ಹೋಗಿ ಬರುತ್ತದೆ. ಜೀವ ಬಿಟ್ಟು ಓಡುವಾಗ ಅದು 100 ಲೀಟರ್ ದಾಟಬಹುದು. ಹಾಗಾದರೆ ಶ್ವಾಸಕೋಶದ ಗರಿಷ್ಠ ಎಷ್ಟು? ಪೂರ್ತಿ ಉಸಿರೆಳೆದು ರಭಸವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಎಫ್‌ಇವಿ1 ಎನ್ನುತ್ತಾರೆ. ಅದನ್ನು 35ರಿಂದ 40ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿದರೆ ಒಂದು ನಿಮಿಷದಲ್ಲಿ ಆ ವ್ಯಕ್ತಿ ಹೆಚ್ಚೆಂದರೆ ಎಷ್ಟು ಗಾಳಿ ಆಡಿಸಬಲ್ಲ ಎಂಬ ಅಂದಾಜು ಸಿಗುತ್ತದೆ. ಒಬ್ಬ ಯುವಕನ ಎಫ್‌ಇವಿ1 3.5 ಲೀಟರ್ ಎಂದಿಟ್ಟುಕೊಂಡರೆ, 40ರ ಲೆಕ್ಕದಲ್ಲಿ 140 ಲೀಟರ್. ಓಟದ ತುತ್ತತುದಿಯಲ್ಲಿ ಅವನು ಬಳಸುವುದು 90, 100 ಲೀಟರ್. ಮೂರನೇ ಒಂದು ಪಾಲಿನಷ್ಟು ಗಾಳಿಯ ತಾಕತ್ತು ಇನ್ನೂ ಉಳಿದಿರುವಾಗಲೇ ಅವನು ಸೋತು ನಿಲ್ಲುತ್ತಾನೆ.

ರಕ್ತದ ಕಡೆಯಿಂದ ನೋಡಿದರೂ ಉತ್ತರ ಇದೇ. ವಿಶ್ರಾಂತಿಯಲ್ಲಿರುವಾಗ ಒಂದು ಕೆಂಪು ರಕ್ತಕಣ ಶ್ವಾಸಕೋಶದ ಸೂಕ್ಷ್ಮ ರಕ್ತನಾಳದಲ್ಲಿ ಸುಮಾರು 0.75 ಸೆಕೆಂಡು ಇರುತ್ತದೆ. ಆಮ್ಲಜನಕ ತುಂಬಿಕೊಳ್ಳಲು ಅದಕ್ಕೆ 0.25 ಸೆಕೆಂಡು ಸಾಕು. ಓಡುವಾಗ ರಕ್ತ ಜೋರಾಗಿ ಹರಿದು ಆ ಸಮಯ ಕಡಿಮೆಯಾದರೂ ಹೆಚ್ಚಿನವರಲ್ಲಿ ಕಣ ತುಂಬಿಯೇ ಹೊರಡುತ್ತದೆ. ಆದ್ದರಿಂದಲೇ ಆರೋಗ್ಯವಂತ ಯುವಕ ಓಡಿ ಓಡಿ ಕುಸಿದು ಕೂತ ಗಳಿಗೆಯಲ್ಲೂ ಅವನ ಅಪಧಮನಿಯ ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆ ಇರುವುದಿಲ್ಲ. ಅತ್ಯುನ್ನತ ಮಟ್ಟದ ದೂರದ ಓಟಗಾರರಲ್ಲಿ ಕೆಲವರು ಇದಕ್ಕೆ ಹೊರತು. ಅವರ ಹೃದಯ ತಳ್ಳುವ ರಕ್ತದ ರಭಸ ಎಷ್ಟೆಂದರೆ, ಅಲ್ಲಿ ಶ್ವಾಸಕೋಶವೇ ಹಿಂದೆ ಬೀಳುತ್ತದೆ.

ಹಾಗಿದ್ದರೆ ಏದುಸಿರು ಏಕೆ? ಉಸಿರಾಡಬೇಕೆಂಬ ಒತ್ತಡವನ್ನು ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲೀಯತೆ. ವೇಗ ಒಂದು ಮಿತಿ ದಾಟಿದಾಗ ಸ್ನಾಯುಗಳಿಂದ ಆಮ್ಲ ರಕ್ತಕ್ಕೆ ಸೇರುತ್ತದೆ, ಅದನ್ನು ಸರಿದೂಗಿಸಲು ಉಸಿರು ಒಮ್ಮೆಲೇ ಜೋರಾಗುತ್ತದೆ. ಎದೆಯಲ್ಲಿ ನಿಮಗೆ ಗೊತ್ತಾಗುವ ಸಂಕಟಕ್ಕೆ ಕಾರಣ ಕಾಲಿನಲ್ಲಿದೆ. ಮೊದಲ ಸುತ್ತನ್ನು ಹುಮ್ಮಸ್ಸಿನಲ್ಲಿ ಓಡಿದವರಿಗೆ ಮೂರನೇ ಸುತ್ತಿನಲ್ಲಿ ದಮ್ಮು ಕಟ್ಟುವುದೂ ಇದೇ ಕಾರಣಕ್ಕೆ.

ಮೊದಲು ಇವಕ್ಕೆ ಉತ್ತರಿಸಿಕೊಳ್ಳಿ

ಓಡುವಾಗ ಎದೆ ಹಿಂಡಿದಂತೆ ನೋವು ಬಂದಿದೆಯೇ? ಓಡುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದೀರಾ? ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುತ್ತದೆಯೇ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ‘ಹೌದು’ ಎಂದರೂ ಮುಂದಿನ ಯಾವ ಪರೀಕ್ಷೆಯನ್ನೂ ನೀವಾಗಿ ಮಾಡಬೇಡಿ. ವೈದ್ಯರನ್ನು ಕಂಡು ಇಸಿಜಿ, ಅವರು ಹೇಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಹೃದಯದ ಸ್ನಾಯು ದಪ್ಪಗಾಗುವಂಥ ಹುಟ್ಟುಗುಣದ ತೊಂದರೆಗಳು ಮೈಕಟ್ಟಿನಲ್ಲಿ ಕಾಣಿಸುವುದಿಲ್ಲ. ಜ್ವರ ಬಂದು ಬಿಟ್ಟ ವಾರದಲ್ಲೂ ಗರಿಷ್ಠ ಓಟದ ಪರೀಕ್ಷೆ ಬೇಡ.

ಶ್ವಾಸಕೋಶದ ಅಳತೆ: ಸ್ಪೈರೋಮೆಟ್ರಿ

ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ 1846ರಲ್ಲಿ ಸ್ಪೈರೋಮೀಟರ್ ಎಂಬ, ಊದಿದ ಗಾಳಿಯನ್ನು ಅಳೆಯುವ ಸಾಧನದ ಬಗ್ಗೆ ಬರೆದ. ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು, ಒಬ್ಬ ವ್ಯಕ್ತಿ ಹೊರಬಿಡಬಲ್ಲ ಗಾಳಿಯ ಪ್ರಮಾಣ ಅವನ ಎತ್ತರಕ್ಕೆ ತಕ್ಕಂತೆ ಏರುತ್ತದೆ ಎಂದು ತೋರಿಸಿದ. ಇಂದಿಗೂ ಯಂತ್ರಕ್ಕೆ ಮೊದಲು ಕೊಡುವ ವಿವರಗಳು ಎತ್ತರ, ವಯಸ್ಸು ಮತ್ತು ಲಿಂಗವೇ. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಪಿಎಫ್‌ಟಿ ಎಂದೇ ಕರೆಯುತ್ತಾರೆ. ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ವಿಭಾಗದಲ್ಲಿ ವಿಚಾರಿಸಿ. ಓಟಕ್ಕೆ ತಯಾರಾಗುವ ಎಲ್ಲರಿಗೂ ಇದು ಬೇಕಿಲ್ಲ. ಕೆಮ್ಮು, ಗೊರಗೊರ ಸದ್ದು, ಚಿಕ್ಕಂದಿನ ಆಸ್ತಮಾ, ಬೀಡಿ ಸಿಗರೇಟಿನ ಅಭ್ಯಾಸ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ, ಇವುಗಳಲ್ಲಿ ಯಾವುದಿದ್ದರೂ ಮಾಡಿಸಿ. ಇತ್ತೀಚೆಗೆ ಕಣ್ಣು, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ಹೇಳಿ, ಏಕೆಂದರೆ ಜೋರಾಗಿ ಊದುವಾಗ ಒಳಗಿನ ಒತ್ತಡ ಬಹಳ ಏರುತ್ತದೆ.

ಹೋಗುವ ಮುಂಚೆ ಒಂದು ಗಂಟೆ ಸಿಗರೇಟು ಬೇಡ, ಒಂದು ಗಂಟೆ ಕಷ್ಟದ ವ್ಯಾಯಾಮವೂ ಬೇಡ. ಬಿಗಿಯಾದ ಬೆಲ್ಟು, ಒಳಉಡುಪು ಸಡಿಲಿಸಿ. ಇನ್‌ಹೇಲರ್ ಬಳಸುವವರು ಅದನ್ನು ಎಷ್ಟು ಹೊತ್ತು ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ಎತ್ತರವನ್ನು ಚಪ್ಪಲಿ ಬಿಟ್ಟು ಅಳೆಸಿಕೊಳ್ಳಿ. ಬಾಯಲ್ಲಿ ಹೇಳಿದ ಎತ್ತರ ತಪ್ಪಿದ್ದರೆ ವರದಿಯೂ ತಪ್ಪುತ್ತದೆ.

ಪರೀಕ್ಷೆ ಎರಡೇ ಕೆಲಸದ್ದು. ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯನ್ನು ತುಟಿಗಳಿಂದ ಸಂದಿಲ್ಲದಂತೆ ಕಚ್ಚಿ ಹಿಡಿದು, ಇನ್ನು ಹಿಡಿಸುವುದಿಲ್ಲ ಎನ್ನುವಷ್ಟು ಉಸಿರೆಳೆಯಿರಿ. ತಡಮಾಡದೆ ಒಂದೇ ರಭಸಕ್ಕೆ ಊದಿ, ನಿಲ್ಲಿಸದೆ ಊದುತ್ತಲೇ ಇರಿ. ಜನ ಎಡವುವುದು ಈ ಕೊನೆಯ ಭಾಗದಲ್ಲಿ. ಮೊದಲ ಎರಡು ಸೆಕೆಂಡಿಗೆ ಎಲ್ಲ ಗಾಳಿಯೂ ಮುಗಿದಂತೆ ಅನಿಸುತ್ತದೆ, ಆದರೆ ಮುಗಿದಿರುವುದಿಲ್ಲ. ತಂತ್ರಜ್ಞರು ‘ಊದಿ, ಊದಿ, ಊದಿ’ ಎಂದು ಕೂಗುವುದನ್ನು ಕೇಳಿ ಸಂಕೋಚಪಡಬೇಡಿ. ಹಾಗೆ ಕೂಗದವರ ಕೈಯಲ್ಲಿ ಪರೀಕ್ಷೆ ಚೆನ್ನಾಗಿ ಆಗುವುದು ಕಷ್ಟ. ಸರಿಯಾದ ಊದು ಕನಿಷ್ಠ ಮೂರು ಬೇಕು. ಅವುಗಳಲ್ಲಿ ಅತ್ಯುತ್ತಮವಾದ ಎರಡರ ನಡುವಿನ ವ್ಯತ್ಯಾಸ 150 ಮಿಲಿಲೀಟರ್ ಮೀರಬಾರದು. ವರದಿಯಲ್ಲಿ ಒಂದೇ ಊದಿನ ಅಂಕಿ ಇದ್ದರೆ ಅದನ್ನು ಅಷ್ಟಾಗಿ ನಂಬಬೇಡಿ.

ವರದಿಯಲ್ಲಿ ಹತ್ತಾರು ಅಂಕಿಗಳಿರುತ್ತವೆ, ನೀವು ಮೂರನ್ನು ನೋಡಿದರೆ ಸಾಕು. ಎಫ್‌ವಿಸಿ ಎಂದರೆ ಒಟ್ಟು ಊದಿದ ಗಾಳಿ. ಎಫ್‌ಇವಿ1 ಮೊದಲ ಸೆಕೆಂಡಿನದು. ಮೂರನೆಯದು ಇವೆರಡರ ಅನುಪಾತ. ಇಪ್ಪತ್ತರ ಹರೆಯದಲ್ಲಿ ಈ ಅನುಪಾತ ಸಾಮಾನ್ಯವಾಗಿ ಶೇ 80ರಿಂದ 85ರ ಸುತ್ತಮುತ್ತ ಇರುತ್ತದೆ. ಶೇ 70ಕ್ಕಿಂತ ಕಡಿಮೆಯಾದರೆ ಗಾಳಿಯ ದಾರಿ ಕಿರಿದಾಗಿದೆ ಎನ್ನುವುದು ಹಳೆಯ ಸುಲಭ ಸೂತ್ರ. ಆದರೆ ಯುವಜನರಲ್ಲಿ ಆ ಗೆರೆ ತೀರಾ ಕೆಳಗಿದೆ. 21ರ ವಯಸ್ಸಿನಲ್ಲಿ ಶೇ 72 ಬಂದರೂ ಅದು ವೈದ್ಯರು ನೋಡಬೇಕಾದ ಅಂಕಿ. ಹೊಸ ವರದಿಗಳಲ್ಲಿ ಝಡ್ ಸ್ಕೋರ್ ಎಂಬ ಅಂಕಣ ಇರುತ್ತದೆ. ಅದು ಮೈನಸ್ 1.645ಕ್ಕಿಂತ ಕೆಳಗೆ ಹೋದರೆ ನಿಮ್ಮ ವಯಸ್ಸು, ಎತ್ತರದವರ ಸಾಮಾನ್ಯ ಮಿತಿಗಿಂತ ಕಡಿಮೆ ಎಂದರ್ಥ.

ನಮ್ಮಲ್ಲಿ ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು: ಯಂತ್ರ ಹೋಲಿಸುತ್ತಿರುವುದು ಯಾರ ಜೊತೆ? ಯುರೋಪಿನ ಜನರ ಅಳತೆಯಿಂದ ಮಾಡಿದ ಸೂತ್ರ ಹಾಕಿದ್ದರೆ, ಆರೋಗ್ಯವಾಗಿರುವ ಕನ್ನಡದ ಹುಡುಗನ ಶ್ವಾಸಕೋಶವೂ ‘ಕಡಿಮೆ’ ಎಂದು ಮುದ್ರಣವಾಗಿ ಬರಬಹುದು. ಅನುಪಾತ ಸರಿಯಾಗಿದ್ದು ಎಫ್‌ವಿಸಿ ಮಾತ್ರ ತುಸು ಕಡಿಮೆ ಬಂದರೆ, ಹೆದರುವ ಮುಂಚೆ ಎರಡು ವಿಷಯ ಕೇಳಿ: ಯಾವ ಸೂತ್ರ ಬಳಸಿದ್ದೀರಿ, ನಾನು ಕೊನೆಯವರೆಗೂ ಊದಿದ್ದೇನೆಯೇ?

ಓಟದ ತಾಕತ್ತಿನ ಅಳತೆ

ದೇಹ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ವಿಒ2 ಮ್ಯಾಕ್ಸ್. ಬ್ರಿಟಿಷ್ ವಿಜ್ಞಾನಿ ಎ.ವಿ. ಹಿಲ್ 1920ರ ದಶಕದಲ್ಲಿ ಹುಲ್ಲಿನ ಮೈದಾನದಲ್ಲಿ ಓಡುವವರ ಉಸಿರನ್ನು ಚೀಲದಲ್ಲಿ ಹಿಡಿದು ಇದನ್ನು ಅಳೆದ. ಓಟಗಾರರಲ್ಲಿ ಅವನೂ ಒಬ್ಬ. ಈಗ ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ 8ರಿಂದ 12 ನಿಮಿಷಗಳಲ್ಲಿ ಸುಸ್ತಾಗುವಂತೆ ಹೊರೆ ಏರಿಸುತ್ತಾ ಅಳೆಯುತ್ತಾರೆ. ಫಲಿತಾಂಶವನ್ನು ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತಾರೆ. ವಿಶೇಷ ತರಬೇತಿ ಇಲ್ಲದ ಇಪ್ಪತ್ತರ ಯುವಕರಲ್ಲಿ ಅದು ಸಾಮಾನ್ಯವಾಗಿ 35ರಿಂದ 45ರೊಳಗೆ, ಯುವತಿಯರಲ್ಲಿ 28ರಿಂದ 38ರೊಳಗೆ ಇರುತ್ತದೆ. ವಿಶ್ವದರ್ಜೆಯ ದೂರದ ಓಟಗಾರರು 80ರ ಹತ್ತಿರಕ್ಕೋ ಅದರಾಚೆಗೋ ಹೋಗುತ್ತಾರೆ.

ಪ್ರಯೋಗಾಲಯ ಕೈಗೆಟುಕದಿದ್ದರೆ ಎರಡು ದಾರಿಗಳಿವೆ.

ಮೆಟ್ಟಿಲು ಪರೀಕ್ಷೆಗೆ 41.3 ಸೆಂಟಿಮೀಟರ್ ಎತ್ತರದ ಅಲುಗಾಡದ ಪೀಠ ಬೇಕು. ಮನೆಯ ಮೆಟ್ಟಿಲು ಇದರ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ, ಆಗದು. ಜಗಲಿಯೋ ಕಟ್ಟೆಯೋ ಇದ್ದರೆ ಟೇಪ್ ಹಿಡಿದು ನೋಡಿ, ಹೆಚ್ಚಿದ್ದರೆ ಕೆಳಗೆ ಹಲಗೆ ಹಾಕಿ ಸರಿಮಾಡಿಕೊಳ್ಳಿ. ಫೋನಿನಲ್ಲಿ ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಹಾಕಿ ಗಂಡಸರು ನಿಮಿಷಕ್ಕೆ 96, ಹೆಂಗಸರು 88 ಬಡಿತ ಇಟ್ಟುಕೊಳ್ಳಿ. ಒಂದೊಂದು ಬಡಿತಕ್ಕೆ ಒಂದೊಂದು ಹೆಜ್ಜೆ: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ಹೀಗೆ ನಿಮಿಷಕ್ಕೆ 24 ಅಥವಾ 22 ಸಲ ಹತ್ತಿ ಇಳಿದಂತಾಗುತ್ತದೆ. ಸರಿಯಾಗಿ 3 ನಿಮಿಷಕ್ಕೆ ನಿಲ್ಲಿಸಿ, ನಿಂತೇ ಇರಿ. ನಿಲ್ಲಿಸಿದ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ, ಅಂದರೆ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಗಂಡಸರಿಗೆ ಸೂತ್ರ: 111.33ರಿಂದ, ನಾಡಿಯ 0.42 ಪಟ್ಟನ್ನು ಕಳೆಯಬೇಕು. ಹೆಂಗಸರಿಗೆ: 65.81ರಿಂದ, ನಾಡಿಯ 0.1847 ಪಟ್ಟನ್ನು ಕಳೆಯಬೇಕು. ಯುವಕನೊಬ್ಬ 15 ಸೆಕೆಂಡಿಗೆ 38 ಎಣಿಸಿದರೆ ನಾಡಿ 152, ವಿಒ2 ಮ್ಯಾಕ್ಸ್ ಸುಮಾರು 47.5. ಯುವತಿಯೊಬ್ಬಳು 40 ಎಣಿಸಿದರೆ ನಾಡಿ 160, ಫಲಿತಾಂಶ ಸುಮಾರು 36.3.

ನಾಡಿ ಎಣಿಸುವುದು ಸುಲಭವೆನಿಸಿದರೂ ಸುಸ್ತಾದ ಕೈಗೆ ಅದು ಕಷ್ಟ. ಹಿಂದಿನ ದಿನವೇ ಅಭ್ಯಾಸ ಮಾಡಿಕೊಳ್ಳಿ, ಇಲ್ಲವೇ ಗೆಳೆಯರೊಬ್ಬರು ಎಣಿಸಲಿ. ಪರೀಕ್ಷೆಯ ದಿನ ಬೆಳಿಗ್ಗೆ ಕಾಫಿ, ಟೀ ಬಿಡಿ, ನಾಡಿ ಏರುತ್ತದೆ.

ಎರಡನೆಯದು 12 ನಿಮಿಷದ ಓಟ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಕ್ರಮ ಇದು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, 12 ನಿಮಿಷದಲ್ಲಿ ಆದಷ್ಟು ದೂರ ಓಡಿ. ಮಧ್ಯೆ ನಡೆದರೂ ಗಡಿಯಾರ ನಿಲ್ಲಿಸಬೇಡಿ. ಓಡಿದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಿ. 400 ಮೀಟರಿನ ಟ್ರ್ಯಾಕಿನಲ್ಲಿ ಐದು ಸುತ್ತು ಅಂದರೆ 2000 ಮೀಟರಿಗೆ ಸುಮಾರು 33, ಆರು ಸುತ್ತಿಗೆ 42, ಏಳು ಸುತ್ತಿಗೆ 51 ಬರುತ್ತದೆ. 1600 ಮೀಟರಿಗೆ ತಯಾರಾಗುವವರಿಗೆ ನಾನು ಇದನ್ನೇ ಹೇಳುವೆ, ಏಕೆಂದರೆ ಪರೀಕ್ಷೆ ನಿಮ್ಮ ಗುರಿಗೆ ಹತ್ತಿರವಿದೆ. ಆದರೆ ಓಡಿ ಅಭ್ಯಾಸವೇ ಇಲ್ಲದವರು ಮೆಟ್ಟಿಲು ಪರೀಕ್ಷೆಯಿಂದ ಆರಂಭಿಸಲಿ.

ಎರಡೂ ಅಂದಾಜುಗಳೇ. ಶೇ 10ರಿಂದ 15ರಷ್ಟು ಆಚೀಚೆ ಆಗುವುದು ಸಹಜ. ಗೆಳೆಯನಿಗೆ 44, ನಿಮಗೆ 42 ಬಂದರೆ ಅದರಲ್ಲಿ ಅರ್ಥವಿಲ್ಲ. ಅದೇ ಮೈದಾನ, ಅದೇ ಹೊತ್ತು, ಅದೇ ಶೂ ಇಟ್ಟುಕೊಂಡು ನಿಮ್ಮ ಹಳೆಯ ಅಂಕಿಯೊಂದಿಗೆ ಹೋಲಿಸಿದಾಗ ಮಾತ್ರ ಇವು ಕೆಲಸಕ್ಕೆ ಬರುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮಾಡಿದ ಪರೀಕ್ಷೆಯನ್ನು ಡಿಸೆಂಬರಿನದಕ್ಕೆ ಹೋಲಿಸಬೇಡಿ. ಸೆಕೆಯಲ್ಲಿ ಚರ್ಮವನ್ನು ತಂಪಾಗಿಸಲು ರಕ್ತದ ಒಂದು ಪಾಲು ಹೋಗಿಬಿಡುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ

ಶ್ವಾಸಕೋಶ ಚೆನ್ನಾಗಿದೆ, ವಿಒ2 ಮ್ಯಾಕ್ಸ್ ಕಡಿಮೆ. ಅತಿ ಹೆಚ್ಚು ಜನರ ಸ್ಥಿತಿ ಇದೇ, ಬಹುಪಾಲು ತರಬೇತಿಯಿಂದ ಸರಿಹೋಗುವಂಥದ್ದು. ಆದರೆ ತರಬೇತಿಗೆ ಇಳಿಯುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಹೆಣ್ಣುಮಕ್ಕಳಂತೂ ತಪ್ಪಿಸಲೇಬಾರದು. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿಲಿಲೀಟರ್ ಆಮ್ಲಜನಕ. 100 ಮಿಲಿಲೀಟರ್ ರಕ್ತದಲ್ಲಿ 13 ಗ್ರಾಂ ಇದ್ದವರಲ್ಲಿ 17 ಮಿಲಿಲೀಟರಿಗಿಂತ ಹೆಚ್ಚು ಆಮ್ಲಜನಕ ಸಾಗಿದರೆ, 9 ಗ್ರಾಂ ಇದ್ದವರಲ್ಲಿ ಬರೀ 12. ಎಷ್ಟೇ ಉಸಿರೆಳೆದರೂ ಆ ಕೊರತೆ ತುಂಬದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ‘ಇವಳಿಗೆ ದಮ್ಮಿಲ್ಲ’ ಎಂದು ಮೈದಾನದಲ್ಲಿ ಬೈಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ಬೇಕಿರುವುದು ಕಬ್ಬಿಣಾಂಶದ ಚಿಕಿತ್ಸೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದರ ಪರೀಕ್ಷೆ ಆಗುತ್ತದೆ.

ಶ್ವಾಸಕೋಶದ ವರದಿ ಸರಿ ಇದೆ, ಆದರೆ ಓಡಿ ನಿಲ್ಲಿಸಿದ 5ರಿಂದ 15 ನಿಮಿಷದೊಳಗೆ ಕೆಮ್ಮು ಹತ್ತುತ್ತದೆ, ಎದೆ ಬಿಗಿಯುತ್ತದೆ, ಸಿಳ್ಳೆಯಂಥ ಸದ್ದು ಬರುತ್ತದೆ. ಓಟದಿಂದ ಬರುವ ಸುಸ್ತು ನಿಂತ ಕೂಡಲೇ ಇಳಿಯತೊಡಗುತ್ತದೆ. ನಿಂತ ಮೇಲೆ ಏರುವ ಉಬ್ಬಸ ಬೇರೆ. ಇದು ವ್ಯಾಯಾಮದಿಂದ ಶ್ವಾಸನಾಳ ಬಿಗಿಯುವ ಲಕ್ಷಣ, ವಿಶ್ರಾಂತಿಯಲ್ಲಿ ಮಾಡಿದ ಸ್ಪೈರೋಮೆಟ್ರಿಯಲ್ಲಿ ಸಿಗದೇ ಹೋಗಬಹುದು. ಓಡಿಸಿದ ನಂತರ ಮತ್ತೆ ಮತ್ತೆ ಊದಿಸಿ ನೋಡಿದಾಗ ಎಫ್‌ಇವಿ1 ಶೇ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಖಚಿತವಾಗುತ್ತದೆ. ಚಿಕಿತ್ಸೆ ಇದೆ, ಅದನ್ನು ತೆಗೆದುಕೊಂಡು ಅಂತರರಾಷ್ಟ್ರೀಯ ಮಟ್ಟದಲ್ಲಿ ಓಡುವವರಿದ್ದಾರೆ.

ಅನುಪಾತವೇ ಕಡಿಮೆ ಬಂದರೆ ಓಟದ ಮಾತು ಆಮೇಲೆ, ಮೊದಲು ಶ್ವಾಸಕೋಶ ತಜ್ಞರು.

ಇನ್ನು ಎಫ್‌ವಿಸಿ ದೊಡ್ಡದಿದ್ದವರು ಚೆನ್ನಾಗಿ ಓಡುತ್ತಾರೆಯೇ? ಎತ್ತರದವರಿಗೆ ಶ್ವಾಸಕೋಶವೂ ದೊಡ್ಡದು, ಹೃದಯವೂ ದೊಡ್ಡದು. ಆದ್ದರಿಂದ ಲೀಟರ್ ಲೆಕ್ಕದಲ್ಲಿ ಎರಡೂ ಜೊತೆಜೊತೆಗೆ ಏರುವಂತೆ ಕಾಣುತ್ತದೆ. ದೇಹತೂಕಕ್ಕೆ ಭಾಗಿಸಿದ ಮೇಲೆ ಆ ನಂಟು ಬಹಳ ಸಡಿಲವಾಗುತ್ತದೆ. ವಯಸ್ಸು, ಎತ್ತರಕ್ಕೆ ನಿರೀಕ್ಷಿಸುವ ಅಳತೆಗೆ ಹೋಲಿಸಿ ನಿಮ್ಮ ಎಫ್‌ವಿಸಿ ಶೇ 95 ಎಂದಿದ್ದು ಗೆಳೆಯನದು ಶೇ 110 ಎಂದಿದ್ದರೆ, ಅಷ್ಟರಿಂದಲೇ ಅವನು ಮುಂದೆ ಬರುವುದಿಲ್ಲ.

ಏನನ್ನು ಬೆಳೆಸಬಹುದು

ಬೆಳವಣಿಗೆ ಮುಗಿದ ದೇಹದಲ್ಲಿ ಓಟದ ತರಬೇತಿಯಿಂದ ಶ್ವಾಸಕೋಶದ ಗಾತ್ರ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಬದಲಾಗುವುದು ಹೃದಯ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಅವರ ವಿಒ2 ಮ್ಯಾಕ್ಸ್ ಸರಾಸರಿ ಶೇ 27ರಷ್ಟು ಕುಸಿಯಿತು. ಮುಖ್ಯ ಕಾರಣ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾದದ್ದು. ಎಂಟು ವಾರದ ತರಬೇತಿ ಆ ನಷ್ಟವನ್ನು ತುಂಬಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಕರೆಸಿ ಅಳೆದಾಗ, ಮೂವತ್ತು ವರ್ಷದ ವಯಸ್ಸು ತಂದ ಇಳಿಕೆಗಿಂತ ಆ ಮೂರು ವಾರದ ಹಾಸಿಗೆ ತಂದ ಇಳಿಕೆಯೇ ಹೆಚ್ಚಾಗಿತ್ತು. ಪರೀಕ್ಷೆಯ ಓದಿಗೆಂದು ತಿಂಗಳುಗಟ್ಟಲೆ ಕುರ್ಚಿ ಬಿಟ್ಟೇಳದವರು ಇದನ್ನು ಗಮನಿಸಬೇಕು.

ವಾರಕ್ಕೆ ನಾಲ್ಕು ದಿನ ಇಟ್ಟುಕೊಳ್ಳಿ. ಮೂರು ದಿನ 30ರಿಂದ 40 ನಿಮಿಷ ನಿಧಾನದ ಓಟ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು. ಹೊಸಬರು ಮೊದಲ ಮೂರು ವಾರ ಇಷ್ಟನ್ನೇ, ನಡಿಗೆ ಬೆರೆಸಿ ಮಾಡಲಿ. ಆಮೇಲೆ ನಾಲ್ಕನೇ ದಿನಕ್ಕೆ ಜೋರು ಓಟ ಸೇರಿಸಿ: ಹತ್ತು ನಿಮಿಷ ಮೈ ಬಿಸಿ, ನಂತರ 4 ನಿಮಿಷ ಜೋರು, 3 ನಿಮಿಷ ನಿಧಾನ ಜಾಗಿಂಗ್, ಹೀಗೆ ನಾಲ್ಕು ಸಲ. ಜೋರು ಎಂದರೆ ಗರಿಷ್ಠ ನಾಡಿಯ ಶೇ 90ರಿಂದ 95. ವಯಸ್ಸಿನ 0.7 ಪಟ್ಟನ್ನು 208ರಿಂದ ಕಳೆದರೆ ಗರಿಷ್ಠ ನಾಡಿಯ ಅಂದಾಜು ಸಿಗುತ್ತದೆ, 22 ವರ್ಷಕ್ಕೆ ಸುಮಾರು 193. ನಾರ್ವೆಯಲ್ಲಿ ಯುವಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನದಂತೆ ಎಂಟು ವಾರ ಈ 4 ನಿಮಿಷದ ಜೋರು ಓಟ ಮಾಡಿದವರ ವಿಒ2 ಮ್ಯಾಕ್ಸ್ ಶೇ 7.2 ಏರಿತು. ಸಮನಾದ ಒಟ್ಟು ಶ್ರಮವನ್ನು ನಿಧಾನ ಓಟದಲ್ಲೇ ಮಾಡಿದವರಿಗೆ ಅಂಥ ಏರಿಕೆ ಸಿಗಲಿಲ್ಲ. ಆದರೂ ಮೊಣಕಾಲು, ಮೀನಖಂಡ ಒಗ್ಗುವವರೆಗೆ ವಾರಕ್ಕೆ ಒಂದೇ ದಿನ ಸಾಕು ಎಂಬುದು ನನ್ನ ಅಭಿಪ್ರಾಯ. ಗಟ್ಟಿ ನೆಲದಲ್ಲಿ ಆತುರಪಟ್ಟು ಮೊಣಕಾಲಿನ ಕೆಳಗಿನ ಎಲುಬು ನೋಯಿಸಿಕೊಂಡರೆ ಭರ್ತಿಯ ದಿನಕ್ಕೆ ಮೈದಾನದ ಹೊರಗೆ ಕೂರಬೇಕಾಗುತ್ತದೆ.

ಪ್ರಾಣಾಯಾಮ ಮಾಡುವವರು ಬಿಡಬೇಕಿಲ್ಲ. ಮನಸ್ಸಿಗೆ ನೆಮ್ಮದಿ, ಉಸಿರಿನ ಮೇಲೆ ಹಿಡಿತ ಸಿಗುತ್ತದೆ. ಓಟದ ಜಾಗವನ್ನು ಮಾತ್ರ ಅದು ತುಂಬದು. ಮೂರು ಚೆಂಡಿನ ಸಾಧನ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ಮುದುಡದಿರಲೆಂದು ಮಾಡಿದ್ದು, ಆರೋಗ್ಯವಂತ ಓಟಗಾರನಿಗೆ ಅದರ ಅಗತ್ಯ ಇಲ್ಲ. ಸಿಗರೇಟು, ಬೀಡಿ ಇವತ್ತೇ ಬಿಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಿಟ್ಟ ಒಂದೆರಡು ದಿನದಲ್ಲಿ ಆ ಜಾಗ ಖಾಲಿಯಾಗಿ ಆಮ್ಲಜನಕಕ್ಕೆ ಸಿಗುತ್ತದೆ.

ಓಟದ ದಿನಕ್ಕೆ ಸುತ್ತಿನ ಲೆಕ್ಕ ಈಗಲೇ ಹಾಕಿಟ್ಟುಕೊಳ್ಳಿ. 1600 ಮೀಟರಿಗೆ 6 ನಿಮಿಷ 30 ಸೆಕೆಂಡಿನ ಗುರಿ ಇದ್ದರೆ 400 ಮೀಟರಿನ ಪ್ರತಿ ಸುತ್ತಿಗೆ 97 ಸೆಕೆಂಡು. ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಮುಗಿಸಿದವರ ಹಿಂದೆ ಓಡಬೇಡಿ. ಎಂಟು ವಾರವಾದ ಮೇಲೆ ಅದೇ ಮೈದಾನದಲ್ಲಿ 12 ನಿಮಿಷದ ಪರೀಕ್ಷೆಯನ್ನು ಮತ್ತೆ ಮಾಡಿ, ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ನಿಯತ್ತಾಗಿ ಓಡಿಯೂ ಅಂಕಿ ಅಲುಗದಿದ್ದರೆ, ಅಥವಾ ಕೆಳಗಿಳಿದಿದ್ದರೆ, ಓಟ ಹೆಚ್ಚಿಸಲು ಹೋಗಬೇಡಿ. ಆ ಎರಡು ಅಂಕಿ, ಹಿಮೋಗ್ಲೋಬಿನ್ ವರದಿ, ಪಿಎಫ್‌ಟಿ ಮಾಡಿಸಿದ್ದರೆ ಅದನ್ನೂ ಹಿಡಿದು ವೈದ್ಯರ ಬಳಿ ಹೋಗಿ.